ಹೊಸ್ತಿಲು ದಾಟಿದ ಗೆರೆ

ಇಪ್ಪತ್ತಾರು ವರ್ಷ ನಾನು ಹೆಂಡತಿ ಮಗಳನ್ನು ಸಾಕಿದ್ದು ನೆಟ್ಟಗಿನ ಗೆರೆ ಎಳೆದು. ಹೀಗೆಂದರೆ ಜನ ನಗುತ್ತಾರೆ. ಅದರಲ್ಲೇನಿದೆ, ಒಂದನೇ ಇಯತ್ತೆಯ ಹುಡುಗನೂ ಪಟ್ಟಿ ಇಟ್ಟುಕೊಂಡು ಎಳೆಯುತ್ತಾನೆ ಎನ್ನುತ್ತಾರೆ. ಎಳೆಯಲಿ, ನೋಡೋಣ. ನುಣ್ಣನೆಯ ಟ್ರೇಸಿಂಗ್ ಬಟ್ಟೆಯ ಮೇಲೆ, ಇಕ್ಕಳದ ಬಾಯಿಯ ಪೆನ್ನಿನಲ್ಲಿ ಕಪ್ಪು ಶಾಯಿ ತುಂಬಿ, ಮೂರು ಅಡಿ ಉದ್ದದ ಗೆರೆಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪದಲ್ಲಿ, ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ಸೀನು ಬಂತೋ, ಒಂದು ವಾರದ ದುಡಿತ ಹೋಯಿತು. (ಈ ಕಾರಣಕ್ಕಾಗಿ ನಾನು ಸೀನುವುದನ್ನೇ ಬಿಟ್ಟಿದ್ದೇನೆ. ನನ್ನ ಹೆಂಡತಿಗೆ ಇದೂ ಒಂದು ದೂರು.)

ಹಾನಗಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ನಾನು ನಕಾಶೆ ಬರೆಯುವವನು. ಹೆಸರು ಶ್ರೀಪಾದ. ಈ ಹೆಸರು ಯಾವ ನಕಾಶೆಯ ಮೇಲೂ ಇಲ್ಲ. ಗೆರೆ ನನ್ನದು, ಸಹಿ ಸಾಹೇಬರದು. ನಾನು ಬರೆದ ಕಾಲುವೆಗಳಲ್ಲಿ ಅರ್ಧಕ್ಕರ್ಧ ಇನ್ನೂ ಭೂಮಿಗೆ ಇಳಿದಿಲ್ಲ. ಆದರೆ ಕಾಗದದ ಮೇಲೆ ಅವುಗಳಷ್ಟು ನೆಟ್ಟಗೆ ಹರಿದ ನೀರು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಗುಟ್ಟು ಗೆರೆಯಲ್ಲಿಲ್ಲ, ಚುಕ್ಕೆಯಲ್ಲಿದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಎರಡೂ ಸರಿಬಿದ್ದರೆ ಗೆರೆ ತಾನಾಗಿಯೇ ಬರುತ್ತದೆ, ನಡುವೆ ಏನು ಅಡ್ಡ ಬಂದರೂ ಲೆಕ್ಕಿಸಬಾರದು. ಇದು ನನ್ನ ವಿದ್ಯೆ. ಇದೇ ನನ್ನ ವೇದಾಂತವೂ ಆಗಿತ್ತು.

ನನ್ನ ಹೆಂಡತಿ ಗೋಪಿಕಾಬಾಯಿಗೆ ಈ ವಿದ್ಯೆಯ ಮೇಲೆ ಕವಡೆಯಷ್ಟೂ ಗೌರವವಿಲ್ಲ. ನಮ್ಮ ಮಾಧ್ವರ ಮನೆಗಳಲ್ಲಿ ಹಬ್ಬ ಹುಣ್ಣಿಮೆ ಬಂದರೆ ಪಡಸಾಲೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಪ್ರತಿ ಎಲೆಯ ಸುತ್ತ ರಂಗೋಲಿ ಎಳೆದು, ಪಂಕ್ತಿ ಕೂಡಿಸುವ ಪದ್ಧತಿ. ಆ ಪಂಕ್ತಿಯ ಗೆರೆಯನ್ನು ಇಪ್ಪತ್ತು ವರ್ಷದಿಂದ ಆಕೆಯೇ ಎಳೆಯುತ್ತಾಳೆ. ಪಟ್ಟಿ ಇಲ್ಲ, ದಾರವಿಲ್ಲ, ಬಗ್ಗಿ ಹಿಂದೆ ಹಿಂದೆ ಸರಿಯುತ್ತ ಚಿಟಿಕೆಯಲ್ಲಿ ಪುಡಿ ಬಿಡುವುದು, ಅಷ್ಟೆ. ನಮ್ಮ ಪಡಸಾಲೆಯ ಪೂರ್ವದ ತುದಿಗೆ ಬೀದಿ ಬಾಗಿಲು. ಪಶ್ಚಿಮದ ತುದಿಗೆ ದೇವರ ಮನೆ, ಅಡಿಗೆ ಮನೆ, ಅವುಗಳ ಮಗ್ಗುಲಲ್ಲೇ ಬಚ್ಚಲಿಗೆ ಹೋಗುವ ಓಣಿಯ ಬಾಗಿಲು. ಆಕೆಯ ಗೆರೆ ಬೀದಿ ಬಾಗಿಲಿನಿಂದ ಹೊರಟು ಓಣಿಯ ಹತ್ತಿರ ಬರುತ್ತಿದ್ದಂತೆ ಮೆಲ್ಲಗೆ ಅಡಿಗೆ ಮನೆಯ ಕಡೆಗೆ ವಾಲುತ್ತದೆ.

"ನಿನ್ನ ಗೆರಿ ಡೊಂಕ ಅದ" ಎಂದು ನಾನು ವರ್ಷಕ್ಕೆ ಆರು ಸಲವಾದರೂ ಹೇಳುತ್ತಿದ್ದೆ.

"ಉಣ್ಣವ್ರು ಗೆರಿ ಉಣ್ಣಂಗಿಲ್ಲ, ಅನ್ನ ಉಣ್ತಾರ" ಎಂದು ಆಕೆ ವರ್ಷಕ್ಕೆ ಆರು ಸಲವೂ ಹೇಳುತ್ತಿದ್ದಳು.

ಹೀಗೆ ನಡೆದಿರುವಾಗ ಎಂಬತ್ತೊಂದನೇ ಇಸವಿಯಲ್ಲಿ ನಮ್ಮ ಮಗಳು ಯಮುನೆಗೆ ಒಂದು ವರ ಕೂಡಿ ಬಂತು. ಹುಡುಗ ಸವಣೂರಿನವನು, ಯಲವಿಗಿ ಸ್ಟೇಶನ್ನಿನಲ್ಲಿ ಟಿಕೆಟ್ ಕೊಡುವ ನೌಕರಿ. ಅದಕ್ಕಿಂತ ಮೊದಲು ನಾಲ್ಕು ವರ್ಷದಲ್ಲಿ ಏಳು ಜನ ಬಂದು ನಮ್ಮ ಅವಲಕ್ಕಿ ತಿಂದು, ಊರು ಸೇರಿ ಕಾಗದ ಬರೆಯುವುದನ್ನು ಮರೆತಿದ್ದರು. ಯಮುನೆಗೆ ಇಪ್ಪತ್ನಾಲ್ಕು ತುಂಬಿತ್ತು. ಪ್ರತಿ ಸಲ ಅದೇ ಹಸಿರು ಸೀರೆ ಉಟ್ಟು ಬಂದು ಕೂತು ಏಳುವ ಆ ಹುಡುಗಿಯ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಈ ಹುಡುಗ ಆಕೆಯನ್ನು ಹಾಡು ಹೇಳು ಎನ್ನಲಿಲ್ಲ. ಯಾವ ಪುಸ್ತಕ ಓದುತ್ತೀ ಎಂದು ಕೇಳಿದ. ಅವರು ಹೋದ ಮೇಲೆ ಯಮುನಾ ಒಲೆಯ ಮುಂದೆ ತನ್ನಷ್ಟಕ್ಕೆ ನಗುತ್ತಿದ್ದಳು. ಈ ಸಂಬಂಧ ತಪ್ಪಿದರೆ ಆ ನಗುವನ್ನು ಮತ್ತೆ ನಾನು ಕಾಣಲಾರೆ ಎಂದು ನನಗೆ ಅವತ್ತೇ ಅನ್ನಿಸಿತು.

ನಿಶ್ಚಯಕ್ಕೆ ಬೀಗರು ಹನ್ನೆರಡು ಜನ ಬರುವುದಿತ್ತು. ಹಿಂದಿನ ವಾರ ಗೋಪಿಕಾ ನನ್ನನ್ನು ಎದುರಿಗೆ ಕೂಡಿಸಿಕೊಂಡಳು.

"ಹುಡುಗನ ದೊಡ್ಡಪ್ಪ ಪ್ರಾಣೇಶರಾಯರು ಬರ್ತಾರ. ಹುಡುಗನ್ನ ಬೆಳೆಸಿದವ್ರು ಅವರ. ಆ ಮನ್ಯಾಗ ಅವರ ಮಾತ ಕಡೀ ಮಾತು. ಪಂಕ್ತಿ ವಿಷಯದಾಗ ಅವರಿಗೆ ಭಾಳ ನೋವದ, ಹುಷಾರಿಲೆ ನಡ್ಕೋರಿ."

"ಯಾಕ, ಏನಾಗೇದ?"

"ಲಡಾಯಿ ಕಾಲಕ್ಕ ಮಿಲಿಟರಿ ಕಾರಕೂನಿಕಿ ಅಂತ ಹಡಗ ಹತ್ತಿ ಬಸ್ರಾಕ್ಕ ಹೋಗಿದ್ರಂತ. ತಿರಿಗಿ ಬಂದಮ್ಯಾಲೆ ಸಮುದ್ರ ದಾಟ್ಯಾನ ಅಂತ ಮಂದಿ ಪಂಕ್ತಿಯಿಂದ ಹೊರಗ ಹಾಕಿದ್ರು. ಪ್ರಾಯಶ್ಚಿತ್ತ ಮಾಡ್ಕೋ ಅಂದ್ರ, ನಾ ಏನ ತಪ್ಪ ಮಾಡೇನಿ ಅಂತ ಮಾಡ್ಕೊಳ್ಳಿಲ್ಲ. ಹನ್ನೊಂದು ವರ್ಷ, ಯಾರ ಮನಿ ಮದುವಿ ಮುಂಜಿವಿ ಇರಲಿ, ಹೊಸ್ತಿಲದ ಹೊರಗ ಅವರದೊಂದ ಎಲಿ. ಯಾರೂ ಹೆಣ್ಣು ಕೊಡಲಿಲ್ಲ. ಈಗ ಕಾಲ ಬದಲಾಗೇದ, ಕರದು ಮೊದಲನೇ ಎಲಿಗೆ ಕೂಡಸ್ತಾರ. ನಮ್ಮಲ್ಲೂ ಮೊದಲನೇ ಎಲಿ ಅವರದ ಆಗಬೇಕು."

ನನ್ನ ಎದೆ ಉಬ್ಬಿತು. ಇಂಥವರಿಗೆ ಇಂಥ ದಿನ ಡೊಂಕು ಪಂಕ್ತಿ ಹಾಕುವುದೇ? ಬದುಕಿನಲ್ಲಿ ಒಂದು ಸಲವಾದರೂ ನನ್ನ ಗೆರೆ ನನ್ನ ಮಗಳ ಕೆಲಸಕ್ಕೆ ಬರಲಿ ಎಂದುಕೊಂಡೆ. ಆ ಮಾತು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಗೋಡೆಯ ಗಿಲಾವು ಮಾಡಲು ಬಂದಿದ್ದ ಗೌಂಡಿ ಬಂದೇಸಾಬನ ಹತ್ತಿರ ದಾರ ಕೇಳಿದೆ. ಗೌಂಡಿಗಳ ಪದ್ಧತಿ ನಮ್ಮದಕ್ಕಿಂತ ಸರಳ. ದಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಫಟ್ಟೆಂದು ನೆಲದ ಮೇಲೆ ಗೆರೆ ಬೀಳುತ್ತದೆ. ಬಂದೇಸಾಬ ದಾರ ಕೊಟ್ಟ, ಜೊತೆಗೆ ಬೇಡದ ಬುದ್ಧಿವಾದವನ್ನೂ ಕೊಟ್ಟ.

"ಹಳೀ ಮನಿ ಐತ್ರಿ ಸಾಹೇಬ್ರ. ಒಂದ ಗ್ವಾಡಿಗೂ ಇನ್ನೊಂದ ಗ್ವಾಡಿಗೂ ಮಾತಕತಿ ಇಲ್ಲ. ಇದ್ರಾಗ ದಾರ ಹೊಡದ್ರ ದಾರ ನೆಟ್ಟಗ ಹೊಕ್ಕೈತಿ, ಮನಿ ಹಿಂದ ಉಳೀತೈತಿ. ಇಂಥಲ್ಲಿ ನಾವು ಕಣ್ಣಳತಿ ಮ್ಯಾಲ ಹೊಕ್ಕೇವ್ರಿ."

"ಕಣ್ಣಳತಿ ನಿಮಗ, ನಮಗ ನಕಾಶಿ ಅದ" ಎಂದೆ.

"ಒಮ್ಮಿ ಒಳಗ ಟೇಪ ಹಿಡದರ ನೋಡ್ರಿ."

ನಾನು ಹಿಡಿಯಲಿಲ್ಲ. ಯಾಕೆ ಹಿಡಿಯಬೇಕು? ಮನೆಯ ನಕಾಶೆಯನ್ನು ಮೂರು ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಬರೆದು ಚೌಕಟ್ಟು ಹಾಕಿಸಿ ತೂಗುಹಾಕಿದ್ದೆ. ಪಡಸಾಲೆ ಇಪ್ಪತ್ತೈದು ಅಡಿ ಎಂದು ಅದರಲ್ಲಿ ಸ್ಪಷ್ಟ ಬರೆದಿತ್ತು. ಎಲೆಗೆ ಎರಡಡಿಯಂತೆ ಹನ್ನೆರಡು ಎಲೆಗೆ ಇಪ್ಪತ್ನಾಲ್ಕು ಅಡಿ. ಆಚೀಚೆ ಅರ್ಧರ್ಧ ಅಡಿ. ಪರಮ ಪರಿಶುದ್ಧ ಲೆಕ್ಕ. ಆ ಇಪ್ಪತ್ತೈದು ಅಡಿ ಗೋಡೆಯ ಹೊರಮೈಯ ಅಳತೆ, ನಮ್ಮಜ್ಜ ಕಟ್ಟಿಸಿದ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆಗಳು ಅದರೊಳಗೇ ಸೇರಿವೆ ಎಂಬ ಕ್ಷುಲ್ಲಕ ಸಂಗತಿ ಮಾತ್ರ ನನಗೆ ಮರೆತಿತ್ತು. ಬರೆದವನಿಗೇ ಮರೆತಿತ್ತು. ಕಾಗದವನ್ನು ನಂಬಿದವನು ಕಾಗದದ ಮೇಲೇ ಸಂಸಾರ ಮಾಡಬೇಕು.

ನಿಶ್ಚಯದ ದಿನ ಬೆಳಿಗ್ಗೆ ಕೆಮ್ಮಣ್ಣಿನ ನೀರಿಗೆ ಗೋಂದು ಬೆರೆಸಿದೆ. (ಬಡಿಸುವವರ ಕಾಲಿಗೆ ಗೆರೆ ಅಳಿಸಬಾರದಲ್ಲ.) ಒಂದು ಚುಕ್ಕೆಯನ್ನು ಬೀದಿ ಬಾಗಿಲ ಹತ್ತಿರ ಇಟ್ಟೆ. ಇನ್ನೊಂದಕ್ಕೆ ದಾರ ಹಿಡಿದು ನಡೆದರೆ ದಾರ ನೆಟ್ಟಗೆ ಓಣಿಯ ಬಾಗಿಲೊಳಗೆ ಹೊಕ್ಕಿತು. ಹೊಗಲಿ ಎಂದು ತುದಿಯನ್ನು ಬಚ್ಚಲ ಗೂಟಕ್ಕೆ ಕಟ್ಟಿದೆ. ಎತ್ತಿ ಬಿಟ್ಟೆ. ಫಟ್. ಅಂಥ ಗೆರೆಯನ್ನು ನಾನು ನನ್ನ ಸೇವಾವಧಿಯಲ್ಲಿ ಎಳೆದಿರಲಿಲ್ಲ. ಎರಡೆರಡು ಅಡಿಗೆ ಗುರುತು ಹಾಕಿ, ಒಂದು, ಎರಡು, ಮೂರು ಎಂದು ಎಲೆ ಹಾಕುತ್ತ ಹೋದೆ. ಹನ್ನೊಂದನೆಯ ಎಲೆಗೆ ಪಡಸಾಲೆ ಮುಗಿಯಿತು. ಹನ್ನೆರಡನೆಯದು ಹೊಸ್ತಿಲಿನಾಚೆ, ಓಣಿಯಲ್ಲಿ, ಬಚ್ಚಲಿನ ಹಂಡೆಗೆ ಎದುರಾಗಿ ಬಿತ್ತು. ಆದರೆ ಗೆರೆಯ ಮೇಲೇ ಬಿತ್ತು.

ಮಡಿಯುಟ್ಟು ಅಡಿಗೆಗೆ ನಿಂತಿದ್ದ ಗೋಪಿಕಾ ಬಾಗಿಲಲ್ಲಿ ಇಣುಕಿದಳು.

"ಇದೇನ್ರಿ, ಒಂದ ಎಲಿ ಹೊರಗ ಬಿದ್ದದ."

"ಹೊರಗಂದ್ರ ಏನ? ಹೊಸ್ತಿಲ ನಾಕ ಬಟ್ಟ ಎತ್ತರ ಅದ. ಅದರಾಚೆ ಜಾಗಾ ಸ್ವಚ್ಛ ಮಾಡೇನಿ."

"ಎಲ್ಲಾ ಎಲಿ ಒಂದೊಂದ ಗೇಣ ಈ ಕಡೆ ಸರಸ್ರಿ, ಒಳಗ ಬರ್ತದ."

"ಎರಡಡಿ ಅಂದ್ರ ಎರಡಡಿ. ಗೇಣು ಮೊಳ ನನಗ ಹೇಳಬ್ಯಾಡ. ಅದು ಹನ್ನೆರಡನೇ ಎಲಿ. ಅವರ ಕಡಿ ಯಾರರೆ ಸಣ್ಣ ಹುಡುಗ ಇರ್ತಾನ, ಅವನ್ನ ಕೂಡಸೋಣ."

"ಯಾವ ತುದಿಯಿಂದ ಹನ್ನೆರಡು?" ಎಂದು ಗೋಪಿಕಾ ಕೇಳಿದಳು.

ಉತ್ತರ ಹೇಳುವುದರೊಳಗೆ ಬೀದಿಯಲ್ಲಿ ಬೀಗರ ಟೆಂಪೊ ನಿಂತಿತು. ನಾನು ಧೋತರ ಸರಿಪಡಿಸಿಕೊಳ್ಳುತ್ತ ಓಡಿದೆ. ಆ ಪ್ರಶ್ನೆಗೆ ಇವತ್ತಿಗೂ ನಾನು ಉತ್ತರ ಕೊಟ್ಟಿಲ್ಲ, ಆಕೆಯೂ ಮತ್ತೆ ಕೇಳಿಲ್ಲ.

ಶಾಸ್ತ್ರವೆಲ್ಲ ಚೆನ್ನಾಗಿ ನಡೆಯಿತು. ಪ್ರಾಣೇಶರಾಯರು ತೆಳ್ಳಗಿನ ಉದ್ದನೆಯ ಮನುಷ್ಯರು, ಮಾತು ಕಡಿಮೆ. ಯಮುನೆಯ ಕೈಗೆ ತಾವೇ ತೆಂಗಿನಕಾಯಿ ಕೊಟ್ಟು, "ಓದೂದ ಬಿಡಬ್ಯಾಡವಾ" ಎಂದರು. ಗೋಪಿಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಅವರನ್ನೆಲ್ಲ ಕೈತೊಳೆಸಿ ಬೀದಿಯ ಕಟ್ಟೆಯ ಮೇಲೆ ಕೂಡಿಸಿ, ಕೈಗೊಂದು ಪೊಟ್ಟಣ ಕಟ್ಟಿ ಕೊಟ್ಟು ಕಳಿಸಿದ್ದರೂ ನಡೆಯುತ್ತಿತ್ತು.

ಎಲ್ಲರೂ ಪಡಸಾಲೆಗೆ ಬಂದು ಹಿರಿಯರು ಮೊದಲು ಕೂಡಲೆಂದು ಗೋಡೆಗೆ ಆತು ನಿಂತರು. ನಾನು ಮುಂದೆ ಬಂದು, ದಾನಶೂರ ದೊರೆಯ ಗತ್ತಿನಲ್ಲಿ ಕೈ ಚಾಚಿ, "ರಾಯರ, ಮೊದಲನೇ ಎಲಿ ನಿಮ್ಮದು" ಎಂದೆ.

ನನ್ನ ಮೊದಲನೇ ಎಲೆ ನನ್ನ ಮೊದಲನೇ ಚುಕ್ಕೆಯ ಹತ್ತಿರ, ಬೀದಿ ಬಾಗಿಲಿಗಿತ್ತು. ನಕಾಶೆಯಲ್ಲಿ ಎಣಿಕೆ ಯಾವಾಗಲೂ ಗೆರೆ ಹೊರಟಲ್ಲಿಂದ. ಆದರೆ ಮಧ್ವ ಮತದಲ್ಲಿ ಹುಟ್ಟಿದ ಐದು ವರ್ಷದ ಕೂಸಿಗೂ ಗೊತ್ತಿದೆ, ಪಂಕ್ತಿಯ ಮೊದಲನೇ ಎಲೆಯೆಂದರೆ ದೇವರ ಮನೆಯ ತುದಿಯದು ಎಂದು. ಐವತ್ತು ವರ್ಷ ಪಂಕ್ತಿಯಲ್ಲಿ ಉಂಡ ನನಗೆ ಆ ಒಂದು ದಿನ ಅದು ಹೊಳೆಯಲಿಲ್ಲ. ರಾಯರು ಸಂತೋಷದಿಂದ ತಲೆಯಾಡಿಸಿ, ಕೆಂಪು ಗೆರೆಯ ಗುಂಟ ದೇವರ ಮನೆಯ ಕಡೆಗೆ ನಡೆದರು. ಒಂದೊಂದೇ ಎಲೆ ದಾಟಿದರು. ಗೆರೆ ಹೊಸ್ತಿಲನ್ನು ಹತ್ತಿ ಇಳಿದಿತ್ತು. ಅದರಾಚೆ, ಬಚ್ಚಲ ಕತ್ತಲೆಯಲ್ಲಿ, ಸುತ್ತ ರಂಗೋಲಿ ಹಾಕಿಸಿಕೊಂಡು ಅವರ ಎಲೆ ಕಾಯುತ್ತಿತ್ತು.

ರಾಯರು ಹೊಸ್ತಿಲ ಮುಂದೆ ನಿಂತರು.

"ಈ ಗೆರಿ ಯಾರು ಹೊಡದಾರ?" ಎಂದು ಕೇಳಿದರು.

ಓದುಗರೇ, ನನ್ನ ಬುದ್ಧಿಯ ಆಳ ನೀವು ಅಳೆಯಬೇಕಾದರೆ ಇಲ್ಲಿ ಅಳೆಯಿರಿ. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಮನುಷ್ಯನೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಎರಡು ಹೆಜ್ಜೆ ಮುಂದೆ ಬಂದೆ.

"ನಾನ ರೀ. ದಾರ ಹಿಡದು ಹೊಡದೇನಿ. ಈ ತುದಿಯಿಂದ ಆ ತುದಿತನಕಾ ಕೂದಲೆಳಿ ಫರಕ ಇಲ್ಲ" ಎಂದೆ.

"ಹೌದು, ಭಾಳ ನೆಟ್ಟಗ ಅದ" ಎಂದರು ರಾಯರು. "ನಮ್ಮೂರವ್ರು ನನ್ನ ಹನ್ನೊಂದ ವರ್ಷ ಹೊರಗ ಕೂಡಸಿದ್ರು. ಆದ್ರ ಅವರು ಒಳಗ ಜಾಗಾ ಇಲ್ಲ ಅಂತ ಸುಳ್ಳರೆ ಹೇಳ್ತಿದ್ರು. ನೀವು ಅಳತಿ ಮಾಡಿ ಕೂಡಸೀರಿ."

ಅಡಿಗೆ ಮನೆಯ ಬಾಗಿಲಲ್ಲಿ ಯಮುನಾ ನಿಂತಿದ್ದಳು. ಆಕೆ ರಾಯರನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ಗೋಪಿಕಾ ಮಡಿ ಮೈಲಿಗೆ ನೋಡದೆ ಹೊರಗೆ ಬಂದು, ಆ ಎಲೆಯನ್ನು ಎರಡೂ ಕೈಯಿಂದ ಎತ್ತಿ ಒಳಗೆ ತಂದು, "ಎಲ್ಲಾರೂ ಒಂದೊಂದ ಗೇಣ ಎಲಿ ಸರಸ್ರಿ, ಜಾಗಾ ಬೇಕಾದಷ್ಟದ" ಎಂದಳು. ಎಲ್ಲರೂ ಬಗ್ಗಿ ಎಲೆ ಸರಿಸಿದರು. ಪಂಕ್ತಿಯ ಬಾಲ ಅಡಿಗೆ ಮನೆಯ ಕಡೆಗೆ ವಾಲಿತು. ಹನ್ನೆರಡೂ ಎಲೆ ಒಳಗೆ ಬಂದವು. ಅರ್ಧ ನಿಮಿಷದ ಕೆಲಸ. ರಾಯರು ಕೂತು ಉಂಡರು, ಕೈತೊಳೆದರು, ಎಲ್ಲರಿಗೂ ಕೈಮುಗಿದು ಟೆಂಪೊ ಹತ್ತಿದರು. ಅನ್ನದ ಬಗ್ಗೆ, ಮುಹೂರ್ತದ ಬಗ್ಗೆ ಒಂದು ಮಾತಿಲ್ಲ.

ಮುಂದೆ ಹನ್ನೆರಡು ದಿನ ಸವಣೂರಿನಿಂದ ಸುದ್ದಿಯಿಲ್ಲ. ಗೋಂದು ಹಾಕಿದ ಕೆಮ್ಮಣ್ಣು ನೆಲ ಬಿಡಲೊಲ್ಲದು. ಯಮುನಾ ದಿನವೂ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಳು. ಬಿಡು, ನಾನು ತಿಕ್ಕುತ್ತೇನೆ ಎಂದು ಒಂದು ದಿನ ಹತ್ತಿರ ಹೋದೆ.

"ಬ್ಯಾಡ ಅಪ್ಪಾ, ನೀವು ಸರೀರಿ" ಎಂದಳು. ಅಷ್ಟೇ ಅಂದದ್ದು. ನಾನು ಸರಿದೆ.

ಹದಿಮೂರನೆಯ ದಿನ ಕಾರ್ಡು ಬಂತು. ರಾಯರ ಕೈಬರಹ. "ಹುಡುಗಿ ನಮಗೆಲ್ಲ ಒಪ್ಪಿಗೆ. ವೈಶಾಖದಲ್ಲಿ ಮುಹೂರ್ತ ನೋಡಿರಿ. ಮದುವೆಯ ಮರುದಿನ ನಮ್ಮಲ್ಲಿ ಮನೆ ತುಂಬಿಸಿಕೊಳ್ಳುವ ಊಟ. ಆ ದಿನ ತಮ್ಮ ಎಲೆ ಎಲ್ಲಿ ಹಾಕಬೇಕೆಂಬುದನ್ನು ನಾನೇ ನೋಡಿಕೊಳ್ಳುತ್ತೇನೆ."

ಯಮುನಾ ಕಾರ್ಡನ್ನು ಎರಡು ಸಲ ಓದಿ ದೇವರ ಮುಂದಿಟ್ಟಳು. ಗೋಪಿಕಾ ಸಕ್ಕರೆ ಹಂಚಿದಳು. ನನ್ನ ಕಣ್ಣು ಮಾತ್ರ ಕೊನೆಯ ಸಾಲಿಗೆ ಅಂಟಿಕೊಂಡಿತು.

"ಇದರ ಅರ್ಥ ಏನ ಗೊತ್ತದ ಏನ? ನನ್ನ ಹೊರಗ ಕೂಡಸ್ತಾರ. ಎಲ್ಲಾರ ಮುಂದ ಸೇಡ ತೀರಸ್ಕೋತಾರ."

"ಅವರು ಹಂತಾ ಮನಷ್ಯಾ ಅಲ್ಲ. ಹಾಕಿದಲ್ಲಿ ಸುಮ್ಮನ ಕೂಡ್ರಿ."

"ನಿನಗ ತಿಳಿಯೂದಿಲ್ಲ."

"ನನಗ ತಿಳಿಯೂದಿಲ್ಲ" ಎಂದು ಒಪ್ಪಿಕೊಂಡು ಆಕೆ ಒಳಗೆ ಹೋದಳು. ಆಕೆ ಒಪ್ಪಿಕೊಂಡ ದಿನವೇ ನಾನು ಹೆದರಬೇಕಿತ್ತು.

ಮೂರು ತಿಂಗಳು ಆ ಸಾಲು ನನ್ನನ್ನು ತಿಂದಿತು. ಕಚೇರಿಯಲ್ಲಿ ಎರಡು ಕಾಲುವೆ ಕೆಡಿಸಿದೆ. ಮದುವೆ ನಮ್ಮೂರಲ್ಲಿ ಸಾಂಗವಾಯಿತು (ನನ್ನನ್ನು ದಾರದ ಹತ್ತಿರ ಯಾರೂ ಬಿಡಲಿಲ್ಲ). ಮರುದಿನ ಶಿಗ್ಗಾವಿಯ ಮೇಲೆ ಹಾಯ್ದು ಸವಣೂರಿಗೆ ಹೋದೆವು. ಬಸ್ಸಿನಲ್ಲಿ ಕೂತು ನಾನೊಂದು ತೀರ್ಮಾನಕ್ಕೆ ಬಂದೆ. ಹೊರಗೆ ಹಾಕಿಸಿಕೊಳ್ಳುವುದಕ್ಕಿಂತ ತಾನಾಗಿಯೇ ಹೊರಗೆ ಕೂಡುವುದು ಮರ್ಯಾದೆ. ಅದರಲ್ಲಿ ಪ್ರಾಯಶ್ಚಿತ್ತವೂ ಆಯಿತು, ಸ್ವಾಭಿಮಾನವೂ ಉಳಿಯಿತು. ನೋಡಿದವರು, ಶ್ರೀಪಾದರಾಯರು ಎಷ್ಟು ದೊಡ್ಡ ಮನಸ್ಸಿನವರು ಎನ್ನಬೇಕು.

ಬೀಗರ ಪಡಸಾಲೆಯಲ್ಲಿ ಅರವತ್ತು ಎಲೆ ಬಿದ್ದಿದ್ದವು. ಜನ ಕೂಡುವ ಗದ್ದಲದಲ್ಲಿ ನಾನು ಮೆಲ್ಲಗೆ ಒಂದು ಎಲೆ ಕೈಯಲ್ಲಿ ಹಿಡಿದು, ಬೀದಿಯ ಹೊಸ್ತಿಲು ದಾಟಿ, ಕಟ್ಟೆಯ ಮೇಲೆ ಹಾಕಿಕೊಂಡು ಕೂತೆ. ಬಡಿಸುತ್ತ ಬಂದ ಒಬ್ಬ ತರುಣ ಗಾಬರಿಯಾಗಿ, "ಇಲ್ಯಾಕ ಕೂತೀರಿ?" ಎಂದ. "ನನ್ನ ಜಾಗಾ ಇದ. ಬಡಸಪಾ" ಎಂದೆ. ಅವನು ಅನ್ನ ಬಡಿಸಿ ಒಳಗೆ ಓಡಿದ.

ಒಳಗೆ ಗದ್ದಲ ನಿಂತಿತು. "ಬೀಗರೆಲ್ಲಿ, ಬೀಗರೆಲ್ಲಿ" ಎಂದು ಯಾರೋ ಅನ್ನುತ್ತಿದ್ದರು. ಹಿರಿಯರು ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಳ್ಳುವವರೆಗೆ ಪಂಕ್ತಿಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ಅರವತ್ತು ಜನ ಎಲೆಯ ಮುಂದೆ ಹಸಿದು ಕೂತಿದ್ದರು. ನಾನು ಕತ್ತು ಚಾಚಿ ನೋಡಿದೆ. ದೇವರ ಮನೆಯ ತುದಿಗೆ ರಾಯರು ಕೂತಿದ್ದರು. ಅವರ ಮಗ್ಗುಲಲ್ಲಿ, ಎಲ್ಲಕ್ಕಿಂತ ದೊಡ್ಡ ಎಲೆ, ಸುತ್ತ ಎರಡೆಳೆಯ ರಂಗೋಲಿ, ಕೂಡಲು ಬೆಳ್ಳಿಯ ಮೊಳೆಯ ಮಣೆ. ಮಣೆ ಖಾಲಿ ಇತ್ತು.

ತರುಣ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ರಾಯರು ನನ್ನ ಕಡೆಗೆ ನೋಡಿದರು. ಆಮೇಲೆ ಬಡಿಸಿದ ಎಲೆಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಅರವತ್ತು ಜನರ ಮುಂದೆ, ಪಂಕ್ತಿಯ ನಡುವೆ ನಡೆದು ಬಂದು, ಹೊಸ್ತಿಲು ದಾಟಿ, ನನ್ನ ಪಕ್ಕದಲ್ಲಿ ಎಲೆಯಿಟ್ಟು ಕೂತರು.

"ನನ್ನ ಮಗ್ಗಲಿಗೆ ನಿಮ್ಮ ಎಲಿ ಹಾಕಿಸಿದ್ದೆ" ಎಂದರು. "ಸಮುದ್ರ ದಾಟಿದವನ ಮಗ್ಗಲ ಕೂಡೂದು ನಿಮಗಿನ್ನೂ ಬ್ಯಾಡಾಗಿದ್ರ ಬ್ಯಾಡ. ಆದ್ರ ಬೀಗರು ಒಬ್ಬರ ಉಣಬಾರದು."

"ಅಯ್ಯೋ, ಹಂಗಲ್ಲರಿ ರಾಯರ, ನಾ ಅಂದ್ಕೊಂಡಿದ್ದು ಬ್ಯಾರೆ. ಏಳ್ರಿ, ಒಳಗ ಹೋಗೋಣು."

"ಕೂತ ಎಲಿ ಎತ್ತಬಾರದು. ನಿಮ್ಮ ಮನ್ಯಾಗ ಒಮ್ಮೆ ಎತ್ತಿಸಿದ್ರಿ, ಇಲ್ಲಿ ನಾನ ಒಮ್ಮೆ ಎತ್ತಿಕೊಂಡ ಬಂದೆ. ಸಾಕಿನ್ನ."

ಹೊಸ ಸೊಸೆ ಮೊದಲ ಪಂಕ್ತಿಗೆ ತುಪ್ಪ ಬಡಿಸುವುದು ಆ ಮನೆಯ ಪದ್ಧತಿ. ಯಮುನಾ ತುಪ್ಪದ ಗಿಂಡಿ ಹಿಡಿದು ಹೊಸ್ತಿಲಿಗೆ ಬಂದಳು. ಕೊರಳಲ್ಲಿ ನಿನ್ನೆಯ ತಾಳಿ. ಮಾವನ ಸಮಾನರಾದ ಆ ಮುದುಕರು ಬೀದಿಯ ಕಟ್ಟೆಯ ಮೇಲೆ, ಹಾದು ಹೋಗುವವರ ಕಣ್ಣೆದುರಿಗೆ ಕೂತದ್ದನ್ನು ನೋಡಿದಳು. ಅವರ ಅನ್ನಕ್ಕೆ ತುಪ್ಪ ಹಾಕಿ, ನೆಲಕ್ಕೆ ತಲೆಯಿಟ್ಟು ನಮಸ್ಕರಿಸಿದಳು. ಆಮೇಲೆ ಎದ್ದು ನನ್ನನ್ನು ನೋಡಿದಳು.

"ಎರಡನೇ ಸಲ ಅಪ್ಪಾ" ಎಂದಳು ಮೆಲ್ಲಗೆ. ಗಿಂಡಿ ಹಿಡಿದು ಒಳಗೆ ಹೋದಳು.

ರಾಯರು ಅಂಗೈಯಲ್ಲಿ ನೀರು ತೆಗೆದುಕೊಂಡು ಆಪೋಶನ ಮಾಡಿದರು. ಇನ್ನು ಊಟ ಮುಗಿಯುವವರೆಗೆ ಅವರು ಮಾತಾಡುವುದಿಲ್ಲ, ಅವರೊಂದಿಗೆ ಮಾತಾಡುವಂತೆಯೂ ಇಲ್ಲ. ಒಳಗೆ ಅರವತ್ತು ಜನ ಗೋವಿಂದ ಎಂದರು. ನನ್ನ ಎಲೆಗೆ ತುಪ್ಪ ಬಂದಿರಲಿಲ್ಲ. ಕೇಳುವ ಧೈರ್ಯವಾಗಲಿಲ್ಲ, ಒಣ ಅನ್ನವನ್ನೇ ಕಲಿಸಿಕೊಂಡು ಉಂಡೆ.